ಪ್ಯಾರಿಸ್ಸಿನ ಗುಬ್ಬಚ್ಚಿ

ಬಾನುಲಿಯಲ್ಲಿ ಹಾಡು ಕೇಳುವವರಿಗೆ ಹಾಡುವವರ ಮುಖ ಕಾಣದು, ಉಡಿಗೆ ತೊಡಿಗೆ ಕಾಣದು, ರಂಗದ ದೀಪಗಳ ಬೆಡಗೂ ಇಲ್ಲ. ಕಂಠವೊಂದೇ ನಮ್ಮ ನಡುಮನೆಗೆ ಬಂದು ನಿಲ್ಲುತ್ತದೆ. ಅದರಲ್ಲಿ ಸತ್ವವಿದ್ದರೆ, ಹಾಡಿನ ಭಾಷೆ ತಿಳಿಯದಿದ್ದರೂ ಕೈಗೆಲಸ ನಿಲ್ಲಿಸಿ ಕಿವಿಗೊಡುತ್ತೇವೆ. ಫ್ರಾನ್ಸಿನ ಗಾಯಕಿ ಹಾಗೂ ನಟಿ ಎಡಿತ್ ಪಿಯಾಫಳ ಕಂಠ ಅಂಥದು. ವಿದೇಶೀ ಸಂಗೀತದ ಕಾರ್ಯಕ್ರಮಗಳಲ್ಲಿ ನೀವು ಅದನ್ನು ಕೇಳಿರಲೂಬಹುದು. ಆ ಕಂಠದ ಹಿಂದಿನ ಬಾಳನ್ನು ತಿಳಿದುಕೊಂಡರೆ ಮುಂದಿನ ಸಲ ಕೇಳುವಾಗ ಅದು ಇನ್ನೂ ಹತ್ತಿರವಾದೀತು.

ಆಕೆಯ ಕಥೆ ಹೇಳಹೊರಟವರಿಗೆ ಮೊದಲಲ್ಲೇ ಒಂದು ತೊಡಕು ಎದುರಾಗುತ್ತದೆ. ನಡೆದದ್ದೆಷ್ಟು, ಜನ ಕಟ್ಟಿದ್ದೆಷ್ಟು ಎಂದು ಬಿಡಿಸುವುದು ಸುಲಭವಲ್ಲ. ತನ್ನ ಕಥೆಗೆ ಬಣ್ಣ ಹಚ್ಚಲು ಆಕೆಯೂ ಹಿಂಜರಿದವಳಲ್ಲ. ಪ್ಯಾರಿಸ್ಸಿನ ಬೆಲ್‌ವಿಲ್ ಎಂಬ ಬಡವರ ಬಡಾವಣೆಯಲ್ಲಿ, ೭೨ನೆಯ ನಂಬರಿನ ಮನೆಯ ಮೆಟ್ಟಿಲ ಮೇಲೆಯೇ ಆಕೆ ಹುಟ್ಟಿದಳೆಂದು ಆ ಮನೆಯ ಗೋಡೆಗೆ ಹಾಕಿದ ಫಲಕ ಸಾರುತ್ತದೆ. ಜನನ ಪತ್ರವಾದರೋ ೧೯೧೫ನೆಯ ಡಿಸೆಂಬರ್ ೧೯ರಂದು ತೆನೋಂ ಆಸ್ಪತ್ರೆಯಲ್ಲಿ ಹುಟ್ಟಿದಳೆಂದು ಹೇಳುತ್ತದೆ. ಬಡತನ ಮಾತ್ರ ಕಟ್ಟುಕಥೆಯಲ್ಲ.

ತಂದೆ ಲೂಯಿ ಗಾಸ್ಸಿಯೋಂ ಬೀದಿಯಲ್ಲಿ ಲಾಗ ಹಾಕಿ, ಮೈಮಣಿತದ ಆಟ ತೋರಿಸಿ ಕಾಸು ಸಂಪಾದಿಸುತ್ತಿದ್ದವನು. ತಾಯಿ ಕಾಫಿ ಹೋಟೆಲುಗಳಲ್ಲಿ, ಬೀದಿಗಳಲ್ಲಿ ಹಾಡುತ್ತಿದ್ದವಳು; ಮಗುವನ್ನು ಸಾಕುವ ಗೋಜಿಗೆ ಆಕೆ ಹೋಗಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲ. ಕೂಸು ತಾಯಿಯ ತಾಯಿಯ ಮನೆಯಲ್ಲಿ ಸೊರಗಿ, ಕಡೆಗೆ ನಾರ್ಮಂಡಿ ಪ್ರಾಂತದ ಬೆರ್ನೆ ಎಂಬ ಊರಿನಲ್ಲಿದ್ದ ತಂದೆಯ ತಾಯಿಯ ಬಳಿ ಸೇರಿತು. ಆ ಅಜ್ಜಿ ಇದ್ದದ್ದು ಒಂದು ವೇಶ್ಯಾಗೃಹದಲ್ಲಿ. ಅಲ್ಲಿನ ಹೆಂಗಸರೇ ಮಗುವನ್ನು ಅಕ್ಕರೆಯಿಂದ ನೋಡಿಕೊಂಡರು. ಕಣ್ಣಿನ ಬೇನೆಯಿಂದ ಹುಡುಗಿಗೆ ಕೆಲವು ಕಾಲ ದೃಷ್ಟಿಯೇ ಮಂಕಾಯಿತು. ಹತ್ತಿರದ ಲಿಸ್ಯೂ ಕ್ಷೇತ್ರಕ್ಕೆ ಯಾತ್ರೆ ಹೋಗಿ ಬಂದ ಮೇಲೆ ಸಂತ ತೆರೇಸಳ ಕೃಪೆಯಿಂದ ಕಣ್ಣು ಬಂದಿತೆಂದು ಎಡಿತ್ ಕಡೆಯವರೆಗೂ ನಂಬಿದ್ದಳು.

ಯುದ್ಧ ಮುಗಿದು ಹಿಂದಿರುಗಿದ ತಂದೆ ಮಗಳನ್ನು ಜೊತೆಗೆ ಕರೆದುಕೊಂಡು ಊರೂರು ಸುತ್ತಿದ. ಆತ ಆಟ ಮುಗಿಸಿದ ಮೇಲೆ ತಟ್ಟೆ ಹಿಡಿಯುವುದು ಮಗಳ ಕೆಲಸ. ಬರುಬರುತ್ತ ಹಾಡುವುದೂ ಅವಳ ಪಾಲಿಗೆ ಬಂತು. ಧ್ವನಿವರ್ಧಕವಿಲ್ಲದೆ ನಾಲ್ಕನೆಯ ಮಹಡಿಯ ಕಿಟಕಿ ತೆರೆಸಬೇಕು, ಗಾಡಿಗಳ ಸದ್ದನ್ನು ಮೀರಬೇಕು. ಆ ಕಂಠದ ಕಸುವಿಗೆ ಇದೇ ಪಾಠಶಾಲೆ. ಹದಿಹರೆಯದಲ್ಲಿ ತಂದೆಯನ್ನು ಬಿಟ್ಟು ಗೆಳತಿಯೊಬ್ಬಳೊಡನೆ ಪ್ಯಾರಿಸ್ಸಿನ ಬೀದಿಗಳಲ್ಲಿ ಹಾಡತೊಡಗಿದಳು. ೧೯೩೩ರಲ್ಲಿ ಒಂದು ಹೆಣ್ಣು ಮಗುವಾಯಿತು. ಎರಡು ವರ್ಷ ತುಂಬಿದ ಆ ಮಗು ೧೯೩೫ರಲ್ಲಿ ಮಿದುಳುಪೊರೆಯ ಜ್ವರದಿಂದ ತೀರಿಕೊಂಡಿತು. ಆಕೆಗೆ ಮತ್ತೆ ಮಕ್ಕಳಾಗಲಿಲ್ಲ.

ಅದೇ ವರ್ಷದ ಶರತ್ಕಾಲದಲ್ಲಿ ಬಾಳು ತಿರುಗಿತು. ಜೆರ್ನೀಸ್ ಎಂಬ ವಿಲಾಸಗೃಹದ ಯಜಮಾನ ಲೂಯಿ ಲೆಪ್ಲೆ ಬೀದಿಯ ಮೂಲೆಯಲ್ಲಿ ಈಕೆಯ ಹಾಡು ಕೇಳಿ ಬೆರಗಾದ. ಐದಡಿಯೂ ಇಲ್ಲದ, ಬಡಕಲು ಮೈಯ ಹುಡುಗಿಗೆ ‘ಲಾ ಮೋಮ್ ಪಿಯಾಫ್’ ಎಂದು ಹೆಸರಿಟ್ಟ. ‘ಪಿಯಾಫ್’ ಎಂದರೆ ಪ್ಯಾರಿಸ್ಸಿನ ಬೀದಿಮಾತಿನಲ್ಲಿ ಗುಬ್ಬಚ್ಚಿ. ಕೆಲವೇ ದಿನಗಳಲ್ಲಿ ಆಕೆ ‘ರೇಡಿಯೋ ಸಿತೆ’ ನಿಲಯದಿಂದ ಹಾಡಿದಳು; ವರ್ಷ ಮುಗಿಯುವುದರೊಳಗೆ ಮೊದಲ ಗ್ರಾಮಫೋನ್ ಪ್ಲೇಟಿಗೂ ಹಾಡಿದಳು. ಬೀದಿಯಲ್ಲಿ ನಿಂತು ಕಾಸು ಹಾಕಲು ಯೋಚಿಸುತ್ತಿದ್ದವರ ಮನೆಯೊಳಕ್ಕೇ ಬಾನುಲಿ ಆಕೆಯನ್ನು ಕರೆದೊಯ್ದಿತು.

ಆದರೆ ೧೯೩೬ರ ಏಪ್ರಿಲಿನಲ್ಲಿ ಲೆಪ್ಲೆಯ ಕೊಲೆಯಾಯಿತು. ಪೋಲೀಸರು ಎಡಿತಳನ್ನೂ ಕರೆಸಿ ವಿಚಾರಣೆ ಮಾಡಿದರು. ತಪ್ಪಿಲ್ಲವೆಂದು ಬಿಟ್ಟರೂ ಪತ್ರಿಕೆಗಳು ಬಿಡಲಿಲ್ಲ. ಜನ ಹಾಡಿಗಿಂತ ಹಗರಣವನ್ನು ನೋಡಲು ಬಂದರು. ಈ ಕೆಸರಿನಿಂದ ಆಕೆಯನ್ನು ಎತ್ತಿದವನು ಕವಿ ರೇಮೋಂ ಆಸ್ಸೋ. ಹಾಡಿನ ಒಂದೊಂದು ಮಾತನ್ನೂ ಅರ್ಥವರಿತು ನುಡಿಯುವುದನ್ನು, ರಂಗದ ಮೇಲೆ ನಿಲ್ಲುವುದನ್ನು ಆತ ಪಟ್ಟಾಗಿ ಕಲಿಸಿದ. ಆತನ ಸಾಹಿತ್ಯಕ್ಕೆ ಮಾರ್ಗರೀತ್ ಮೊನ್ನೋ ಎಂಬಾಕೆ ಸ್ವರ ಹಾಕಿದಳು. ೧೯೩೭ರಲ್ಲಿ ಎ.ಬಿ.ಸಿ. ರಂಗಮಂದಿರದಲ್ಲಿ ಹಾಡಿದಾಗ ‘ಮೋಮ್’ ಅಳಿದು ಎಡಿತ್ ಪಿಯಾಫ್ ಎಂಬ ಕಲಾವಿದೆ ಉಳಿದಳು.

ಆಕೆ ಹಾಡಿದ್ದು ಎಂಥ ಹಾಡು? ಫ್ರೆಂಚರು ‘ಶಾನ್ಸೋಂ’ ಎನ್ನುವ ಗೀತಪ್ರಕಾರದಲ್ಲಿ ಸಾಹಿತ್ಯವೇ ಪ್ರಧಾನ. ಮೂರು ನಾಲ್ಕು ನಿಮಿಷಗಳಲ್ಲಿ ಒಂದು ಸಣ್ಣ ಕಥೆ ಮುಗಿಯಬೇಕು: ಬಂದರಿನಲ್ಲಿ ಕಾದ ಹೆಂಗಸು, ಮರಳಿ ಬಾರದ ಸಿಪಾಯಿ, ಜಾತ್ರೆಯ ಗದ್ದಲದಲ್ಲಿ ಕಳೆದುಹೋದ ಗೆಳೆಯ. ಇಂಥ ಬೀದಿಬಾಳಿನ ಹಾಡುಗಳನ್ನು ಡಾಮಿಯಾ, ಫ್ರೆಹೆಲ್ ಮೊದಲಾದವರು ಮೊದಲೇ ಹಾಡಿದ್ದರು. ಪಿಯಾಫ್ ಆ ಬಾಳನ್ನು ಸ್ವತಃ ಕಂಡು ಬಂದವಳು. ಕಪ್ಪು ಉಡಿಗೆ, ಬರಿಯ ಕೈ, ಬಿಳಿಚಿದ ಮುಖ. ರಂಗದ ಮೇಲೆ ಬೇರೆ ಅಲಂಕಾರವಿಲ್ಲ. ಇನ್ನೊಂದು ಸಂಗತಿಯನ್ನು ನೀವೇ ಕಿವಿಗೊಟ್ಟು ಗಮನಿಸಿ. ಇಂದಿನ ಫ್ರೆಂಚರು ರಕಾರವನ್ನು ಗಂಟಲಲ್ಲಿ ನುಡಿಯುತ್ತಾರೆ. ಪಿಯಾಫ್ ಹಾಡುವಾಗ ನಮ್ಮ ಹಾಗೆ ನಾಲಗೆಯ ತುದಿಯಲ್ಲೇ ಅದನ್ನು ಹೊರಳಿಸುತ್ತಾಳೆ. ಇದರಿಂದ ಮಾತಿಗೆ ಒಂದು ಬಿರುಸು ಬರುತ್ತದೆ.

ನಟನೆಯಲ್ಲಿಯೂ ಆಕೆಯದು ಹಗುರವಾದ ಕೈಯಲ್ಲ. ಪ್ರಸಿದ್ಧ ಲೇಖಕ ಝಾಂ ಕಾಕ್ತೋ ಆಕೆಗಾಗಿಯೇ ೧೯೪೦ರಲ್ಲಿ ಒಂದು ಏಕಾಂಕ ಬರೆದುಕೊಟ್ಟ. ಅದರಲ್ಲಿ ಗಂಡಸು ಒಂದು ಮಾತನ್ನೂ ಆಡುವುದಿಲ್ಲ. ಹೆಣ್ಣೊಬ್ಬಳೇ ಆಡಬೇಕು, ಅಳಬೇಕು, ಬೇಡಬೇಕು. ಹಾಡಿನ ಆಸರೆಯಿಲ್ಲದೆ ಆಕೆ ಅದನ್ನು ನಿರ್ವಹಿಸಿದಳು. ೧೯೪೬ರ ‘ಎತ್ವಾಲ್ ಸಾಂ ಲ್ಯುಮಿಯೇರ್’ ಎಂಬ ಚಲಚ್ಚಿತ್ರದ ಕಥೆ ಬಾನುಲಿ ಕೇಳುವ ನಮಗೆ ವಿಶೇಷವಾಗಿ ಹಿಡಿಸುವಂಥದು. ಮೂಕಿ ಚಿತ್ರಗಳ ಕಾಲ ಮುಗಿದು ಟಾಕಿ ಬಂದಾಗ ತಾರೆಯೊಬ್ಬಳ ದನಿ ಕೈಕೊಡುತ್ತದೆ. ಅವಳಿಗೆ ಕಂಠವನ್ನು ಎರವಲು ಕೊಡುವ ಮನೆಗೆಲಸದ ಹುಡುಗಿ ತೆರೆಯ ಹಿಂದೆಯೇ ಉಳಿಯಬೇಕಾಗುತ್ತದೆ. ಆ ಹುಡುಗಿಯ ಪಾತ್ರ ಪಿಯಾಫಳದು. ಝಾಂ ರೆನ್ವಾರ್ ನಿರ್ದೇಶಿಸಿದ ‘ಫ್ರೆಂಚ್ ಕಾಂಕಾಂ’ ಚಿತ್ರದಲ್ಲಿಯೂ ಹಿಂದಿನ ಕಾಲದ ಗಾಯಕಿಯೊಬ್ಬಳಾಗಿ ಆಕೆಯನ್ನು ಕಾಣಬಹುದು.

ಜರ್ಮನರು ಪ್ಯಾರಿಸ್ಸನ್ನು ಹಿಡಿದಿದ್ದ ಕಾಲದಲ್ಲಿಯೂ ಆಕೆ ಹಾಡಿದಳು; ಜರ್ಮನಿಯಲ್ಲಿ ಸೆರೆಯಲ್ಲಿದ್ದ ಫ್ರೆಂಚ್ ಯೋಧರ ಶಿಬಿರಗಳಿಗೂ ಹೋದಳು. ಇದರ ಬಗ್ಗೆ ಯುದ್ಧಾನಂತರ ವಿಚಾರಣೆ ನಡೆಯಿತು, ದೋಷವಿಲ್ಲವೆಂದು ತೀರ್ಮಾನವಾಯಿತು. ಯುದ್ಧ ಮುಗಿದ ೧೯೪೫ರಲ್ಲಿ ‘ಲಾ ವೀ ಆಂ ರೋಜ್’ ಎಂಬ ಗೀತೆಯನ್ನು ತಾನೇ ಬರೆದಳು. ಲೋಕವೆಲ್ಲ ಗುಲಾಬಿ ಬಣ್ಣವಾಗಿ ಕಾಣುವ ಪ್ರೇಮಾವಸ್ಥೆಯನ್ನು ಕುರಿತ ಈ ಹಾಡು ದೇಶದೇಶಗಳನ್ನು ಸುತ್ತಿತು. ೧೯೪೭ರಲ್ಲಿ ಆಕೆ ನ್ಯೂಯಾರ್ಕಿಗೆ ಹೋದಾಗ, ಥಳುಕಿನ ಪ್ಯಾರಿಸ್ ಸುಂದರಿಯನ್ನು ನಿರೀಕ್ಷಿಸಿದ್ದ ಅಮೆರಿಕನರು ಕಪ್ಪು ಉಡಿಗೆಯ ಪುಟ್ಟ ಹೆಂಗಸನ್ನು ಕಂಡು ಮೊದಲು ತಣ್ಣಗಿದ್ದರು. ವಿಮರ್ಶಕ ವರ್ಜಿಲ್ ಥಾಮ್ಸನ್ ಆಕೆಯ ಕಲೆಯನ್ನು ಕೊಂಡಾಡಿ ಬರೆದ ಮೇಲೆ ಮನಸ್ಸು ಬದಲಾಯಿತು. ೧೯೫೬ರಲ್ಲಿ ಅಲ್ಲಿಯ ಕಾರ್ನೆಗಿ ಹಾಲ್ ಕೂಡ ಆಕೆಗೆ ಬಾಗಿಲು ತೆರೆಯಿತು.

ಮುಷ್ಟಿಯುದ್ಧದಲ್ಲಿ ಜಗಜಟ್ಟಿಯಾಗಿದ್ದ ಮಾರ್ಸೆಲ್ ಸೆರ್ದಾಂ ಆಕೆಗೆ ಬಹಳ ಪ್ರಿಯನಾಗಿದ್ದ. ಆಕೆ ನ್ಯೂಯಾರ್ಕಿನಲ್ಲಿ ಹಾಡುತ್ತಿದ್ದಾಗ, ೧೯೪೯ರ ಅಕ್ಟೋಬರ್ ೨೮ರಂದು, ಆತ ಬರುತ್ತಿದ್ದ ವಿಮಾನ ಅಜೋರ್ಸ್ ದ್ವೀಪಗಳಲ್ಲಿ ಬೆಟ್ಟಕ್ಕೆ ಬಡಿದು, ಅದರಲ್ಲಿದ್ದ ೪೮ ಜನರೂ ಸತ್ತರು. ಸುದ್ದಿ ತಿಳಿದ ರಾತ್ರಿಯೂ ಆಕೆ ವೇದಿಕೆಗೆ ಬಂದು ಆತನಿಗಾಗಿ ಹಾಡಿದಳು. ‘ಈಮ್ನ್ ಆ ಲಾಮೂರ್’ ಎಂಬ ಪ್ರೇಮಸ್ತೋತ್ರವನ್ನು ಈ ಸಾವಿನ ದುಃಖದಲ್ಲಿ ಬರೆದಳೆಂದು ಅನೇಕರು ಹೇಳುವುದುಂಟು. ನಿಜವೆಂದರೆ ಆಕೆ ಅದನ್ನು ಆ ಸೆಪ್ಟೆಂಬರಿನಲ್ಲೇ ಹಾಡಿದ್ದಳು. ದುರಂತ ಬಂದು ಹಾಡಿನ ಅರ್ಥವನ್ನು ಬದಲಿಸಿತು. ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನ ಆರಂಭದ ರಾತ್ರಿ ಐಫೆಲ್ ಗೋಪುರದಿಂದ ಸೆಲೀನ್ ಡಿಯಾನ್ ಹಾಡಿದ್ದು ಇದೇ ಹಾಡನ್ನು.

ಮುಂದಿನ ವರ್ಷಗಳು ನೋವಿನವು. ೧೯೫೧ರಲ್ಲಿ ಮೋಟಾರು ಅಪಘಾತಗಳಾದವು. ನೋವಿಗೆಂದು ಕೊಟ್ಟ ಮಾರ್ಫೀನು ಚಟವಾಗಿ ಅಂಟಿತು. ಕುಡಿತ, ಸಂಧಿವಾತ, ಶಸ್ತ್ರಚಿಕಿತ್ಸೆಗಳು ಒಂದರ ಹಿಂದೊಂದು ಬಂದವು. ಆದರೂ ಕೈ ಉದಾರವಾಗಿತ್ತು. ಈವ್ ಮೊಂತಾಂ, ಶಾರ್ಲ್ ಅಜ್ನಾವೂರ್ ಮೊದಲಾದವರು ಹೆಸರುವಾಸಿಗಳಾಗುವ ಮುನ್ನ ಅವರನ್ನು ಗುರುತಿಸಿ ಬೆಳೆಸಿದವಳು ಈಕೆ. ತಾನು ಆಸ್ಸೋನಿಂದ ಕಲಿತದ್ದನ್ನು ಅಷ್ಟೇ ನಿಷ್ಠುರವಾಗಿ ಅವರಿಗೂ ಕಲಿಸಿದಳು.

೧೯೬೦ರ ಕೊನೆಗೆ ಪ್ಯಾರಿಸ್ಸಿನ ಓಲಿಂಪಿಯಾ ರಂಗಮಂದಿರ ಸಾಲದಲ್ಲಿ ಮುಳುಗುವಂತಿತ್ತು. ಯಜಮಾನ ಬ್ರೂನೋ ಕೊಕಾತ್ರಿ ಆಕೆಯ ನೆರವು ಬೇಡಿದ. ನೆಟ್ಟಗೆ ನಿಲ್ಲಲೂ ಶಕ್ತಿ ಸಾಲದಿದ್ದವಳು ವಾರಗಟ್ಟಲೆ ಅಲ್ಲಿ ಹಾಡಿದಳು, ರಂಗಮಂದಿರ ಉಳಿಯಿತು. ಶಾರ್ಲ್ ದ್ಯುಮೋಂ ಸ್ವರ ಹಾಕಿದ, ಕಳೆದುದಕ್ಕೆ ಪಶ್ಚಾತ್ತಾಪವಿಲ್ಲವೆನ್ನುವ ಹೆಸರುವಾಸಿ ಹಾಡು ಆಗಿನದೇ. ಇಷ್ಟೆಲ್ಲ ನೊಂದವಳು ಅದನ್ನು ಹಾಡಿದಾಗ ಕೇಳಿದವರಿಗೆ ಅದು ಬರಿಯ ಹಾಡಾಗಿ ಉಳಿಯಲಿಲ್ಲ.

೧೯೬೩ರ ಅಕ್ಟೋಬರ್ ೧೦ರಂದು, ೪೭ನೆಯ ವಯಸ್ಸಿನಲ್ಲಿ, ದಕ್ಷಿಣ ಫ್ರಾನ್ಸಿನ ಗ್ರಾಸ್ ಊರಿನ ಬಳಿ ಆಕೆ ತೀರಿಕೊಂಡಳು. ಮರುದಿನ ಮಿತ್ರ ಕಾಕ್ತೋ ಕೂಡ ಗತಿಸಿದ. ಆಕೆಯ ನಡತೆಯ ಕಾರಣದಿಂದ ಚರ್ಚು ಅಂತ್ಯಪೂಜೆಗೆ ಒಪ್ಪಲಿಲ್ಲ. ಜನ ಮಾತ್ರ ಸಾವಿರ ಸಾವಿರವಾಗಿ ಪೇರ್ ಲಾಶೇಸ್ ಸ್ಮಶಾನದ ದಾರಿಯಲ್ಲಿ ನೆರೆದರು. ಆಕೆಯ ಬಾಳನ್ನು ಕುರಿತ ೨೦೦೭ರ ಚಲಚ್ಚಿತ್ರದಲ್ಲಿ ನಟಿಸಿ ಮಾರಿಯೋಂ ಕೋತಿಯಾರ್ ಆಸ್ಕರ್ ಪ್ರಶಸ್ತಿ ಪಡೆದಳು.

ನಿಮಗೆ ಅವಕಾಶ ದೊರೆತರೆ ಒಂದು ಕೆಲಸ ಮಾಡಿ. ೧೯೩೬ರ ಸುಮಾರಿನ ಆಕೆಯ ಒಂದು ಹಾಡನ್ನೂ ೧೯೬೦ರ ಇನ್ನೊಂದನ್ನೂ ಒಟ್ಟಿಗೆ ಕೇಳಿ. ಮೊದಲನೆಯದು ಕಿಟಕಿ ತೆರೆಸಲು ಕೂಗುವ ಬೀದಿಯ ಹುಡುಗಿಯ ದನಿ. ಎರಡನೆಯದು ತುಂಬಿದ ಸಭೆಯ ಮುಂದೆ ನಿಂತ ಅನುಭವಿಯದು. ನಡುವೆ ಇಪ್ಪತ್ತನಾಲ್ಕು ವರ್ಷಗಳ ಬಾಳು ಕಳೆದಿದೆ. ಆದರೂ ಎರಡರಲ್ಲಿಯೂ ಹಾಡುತ್ತಿರುವುದು ಒಬ್ಬಳೇ ಎಂಬುದನ್ನು ನಿಮ್ಮ ಕಿವಿ ತಟ್ಟನೆ ಗುರುತಿಸುತ್ತದೆ.