ಮಕ್ಕಳಿಗೂ ಬೇಕು ಮಳೆಗಾಲದ ಮುನ್ನೆಚ್ಚರಿಕೆ

ಮಳೆ ಹಿಡಿಯುವ ಮುನ್ನ ಅಡಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯಬೇಕೆಂಬುದನ್ನು ನಮ್ಮ ಸದಸ್ಯ ಬಾಂಧವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಳೆ ಬಂದ ಮೇಲೆ ಹೊಡೆದರೆ ಉದುರಿದ ಕಾಯಿ ಮತ್ತೆ ಗೊನೆಗೆ ಹತ್ತದು. ಮಕ್ಕಳ ಆರೋಗ್ಯದ ವಿಷಯದಲ್ಲಿಯೂ ಇದೇ ಮಾತು. ಅದರಲ್ಲಿ ಎ ಜೀವಸತ್ವದ ಪಾತ್ರವೇನೆಂಬುದನ್ನು ಈ ಸಂಚಿಕೆಯಲ್ಲಿ ನೋಡೋಣ.

ಎ ಜೀವಸತ್ವ ಕಣ್ಣಿಗೆ ಬೇಕಾದುದೆಂದಷ್ಟೇ ಹಲವರ ತಿಳುವಳಿಕೆ. ಕೊರತೆಯಾದರೆ ಇರುಳುಗುರುಡು ಬರುವುದು ನಿಜ. ಆದರೆ ಅದರ ಕೆಲಸ ಅಷ್ಟಕ್ಕೇ ಮುಗಿಯದು. ಮೂಗು, ಗಂಟಲು, ಶ್ವಾಸಕೋಶ, ಕರುಳುಗಳ ಒಳಪೊರೆ ತೇವದಿಂದ ಕೂಡಿ ಆರೋಗ್ಯವಾಗಿರಲು ಇದು ಬೇಕು. ರೋಗಾಣುಗಳಿಗೆ ಮೊದಲ ತಡೆ ಈ ಪೊರೆಯೇ. ಕೊರತೆಯಾದಾಗ ಅದು ಒಣಗಿ, ದೇಹವು ಬೇಲಿ ಮುರಿದ ತೋಟದಂತಾಗುತ್ತದೆ. ರಕ್ತದ ಬಿಳಿಕಣಗಳು ಬಲಿತು ಕರುಳಿನ ಕಾವಲಿಗೆ ನಿಲ್ಲುವುದಕ್ಕೂ, ಪ್ರತಿಕಾಯಗಳು ತಯಾರಾಗುವುದಕ್ಕೂ ಇದೇ ಬೇಕು.

ಇಂಡೊನೇಷ್ಯದ ಅಚೆ ಪ್ರಾಂತದ 450 ಹಳ್ಳಿಗಳಲ್ಲಿ ಡಾ. ಆಲ್‌ಫ್ರೆಡ್ ಸಾಮರ್ ಮತ್ತು ಸಂಗಡಿಗರು ನಡೆಸಿ, 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎ ಜೀವಸತ್ವ ಕೊಟ್ಟ ಹಳ್ಳಿಗಳಲ್ಲಿ ಮಕ್ಕಳ ಸಾವು ಶೇ. 34ರಷ್ಟು ಕಡಮೆಯಿತ್ತು. ತಮಿಳುನಾಡಿನಲ್ಲಿ ವಾರಕ್ಕೊಮ್ಮೆ ಸಣ್ಣ ಪ್ರಮಾಣದಲ್ಲಿ ಕೊಟ್ಟ ಪ್ರಯೋಗದಲ್ಲಿ (1990) ಇಳಿತ ಶೇ. 54. ಆದರೆ ಉತ್ತರ ಪ್ರದೇಶದ ಸುಮಾರು 10 ಲಕ್ಷ ಮಕ್ಕಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲಾಭ ಅತ್ಯಲ್ಪ. ಆದ್ದರಿಂದ ಇದನ್ನು ಸರ್ವರೋಗಕ್ಕೂ ಮದ್ದೆಂದು ಭಾವಿಸಬಾರದು. ಗೊಬ್ಬರದಂತೆ ಇದೂ ಕೊರತೆಯಿದ್ದಲ್ಲಿ ಫಲ ಕೊಡುತ್ತದೆ, ಅತಿಯಾದರೆ ಕೆಡಿಸುತ್ತದೆ. ಗರ್ಭಿಣಿಯರಂತೂ ವೈದ್ಯರನ್ನು ಕೇಳದೆ ಇದರ ಗುಳಿಗೆ ನುಂಗಲೇಬಾರದು.

ಸರಕಾರದ ಕಾರ್ಯಕ್ರಮದಂತೆ ಮಗುವಿಗೆ 9 ತಿಂಗಳಾದಾಗ ದಡಾರದ ಲಸಿಕೆಯೊಂದಿಗೆ 1 ಲಕ್ಷ ಯೂನಿಟ್, ಅನಂತರ ಒಂದೂವರೆ ವರ್ಷದಿಂದ 5 ವರ್ಷದವರೆಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್ ಬಾಯಿಗೆ ಹಾಕುತ್ತಾರೆ. ಇದು ಉಚಿತ.

ದಿನನಿತ್ಯಕ್ಕೆ ನಮ್ಮ ಹಿತ್ತಲೇ ಸಾಕು. ನುಗ್ಗೆಸೊಪ್ಪು, ಬಸಳೆ, ಹರಿವೆ, ಪಪ್ಪಾಯಿ, ಸಿಹಿಗುಂಬಳ, ಮಾವಿನಹಣ್ಣು ಎಲ್ಲದರಲ್ಲೂ ಇದರ ಮೂಲವಸ್ತುವಿದೆ. ಹಾಲು, ತುಪ್ಪ, ಮೊಟ್ಟೆಯ ಹಳದಿಯಲ್ಲಿ ಜೀವಸತ್ವವೇ ಇದೆ. ಸೊಪ್ಪಿನ ಪಲ್ಯಕ್ಕೆ ಒಗ್ಗರಣೆ ಎಣ್ಣೆಯೋ ತೆಂಗಿನ ತುರಿಯೋ ಬಿದ್ದರೆ ಅದು ಮೈಗೆ ಹತ್ತುವುದು ಹೆಚ್ಚು.

ಕೊನೆಯದಾಗಿ ಒಂದು ವಿನಂತಿ. ಕೊಯ್ಲಿಗೆಂದು ಊರಿಂದೂರಿಗೆ ಬರುವ ಕುಟುಂಬಗಳ ಮಕ್ಕಳಿಗೆ ಈ ಡೋಸು ತಪ್ಪಿಹೋಗುವುದು ಸುಲಭ. ಲೈನ್ ಮನೆಗೆ ಹೊಸ ಕುಟುಂಬ ಬಂದ ವಾರದಲ್ಲೇ ಮಗುವಿನ ಕಾರ್ಡು ನೋಡಿ ಆಶಾ ಕಾರ್ಯಕರ್ತೆಗೆ ತಿಳಿಸೋಣ. ಲೈನ್ ಬದಿಯಲ್ಲಿ ಎರಡು ಪಪ್ಪಾಯಿ ಗಿಡ, ಒಂದು ಬಸಳೆ ಚಪ್ಪರ ಹಾಕಿಸಲು ಹೆಚ್ಚು ಖರ್ಚಿಲ್ಲ. ಗೊನೆಗೆ ತೋರುವ ಮುಂದಾಲೋಚನೆ ಮಕ್ಕಳಿಗೂ ಇರಲಿ.