ಅಪಾಯಕಾರಿ ಚಾಲನೆಯ ಆರೋಪ: ಚಾಲಕ ಮತ್ತು ಮಾಲೀಕರ ಹೊಣೆ

ಸರಕು ಹೊತ್ತ ಲಾರಿ ಅಪಘಾತಕ್ಕೀಡಾಗಿ ಜೀವಹಾನಿ ಸಂಭವಿಸಿದಾಗ ಪೊಲೀಸ್ ಠಾಣೆಯ ಪ್ರಥಮ ವರ್ತಮಾನ ವರದಿಯಲ್ಲಿ ಸಾಮಾನ್ಯವಾಗಿ ಕಾಣುವ ಮಾತು ‘ಅತಿವೇಗ ಮತ್ತು ಅಜಾಗರೂಕತೆ’. ಚಾಲಕನ ಸ್ವಾತಂತ್ರ್ಯ, ಆತನ ಕುಟುಂಬದ ಜೀವನೋಪಾಯ ಹಾಗೂ ಮಾಲೀಕರ ಆರ್ಥಿಕ ಭದ್ರತೆ ಈ ಎರಡು ಪದಗಳನ್ನು ಅವಲಂಬಿಸಿರುತ್ತವೆ. ಮತ್ತೊಂದೆಡೆ, ಮನೆಯ ಆಧಾರವನ್ನೇ ಕಳೆದುಕೊಂಡ ಕುಟುಂಬವೊಂದು ನ್ಯಾಯಕ್ಕಾಗಿ ಕಾಯುತ್ತಿರುತ್ತದೆ. ಆದ್ದರಿಂದ ವಾಹನ ಹೊಂದಿರುವ ಪ್ರತಿಯೊಬ್ಬ ಉದ್ಯಮಿಯೂ ಈ ಆರೋಪದ ಸ್ವರೂಪವನ್ನು ಅರಿತಿರುವುದು ಅವಶ್ಯ.

ಕಾನೂನಿನ ಚೌಕಟ್ಟು

ಮೋಟಾರು ವಾಹನ ಅಧಿನಿಯಮ, 1988ರ ಕಲಂ 184ರ ಅನ್ವಯ ಅಪಾಯಕಾರಿ ಚಾಲನೆಗೆ ಮೊದಲ ಬಾರಿ ಆರು ತಿಂಗಳಿನಿಂದ ಒಂದು ವರ್ಷದವರೆಗೆ ಕಾರಾಗೃಹವಾಸ, ಅಥವಾ ರೂ. 1,000ದಿಂದ ರೂ. 5,000ದವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಕೆಂಪು ದೀಪ ಉಲ್ಲಂಘನೆ, ಮೊಬೈಲ್ ಕೈಯಲ್ಲಿ ಹಿಡಿದು ಚಾಲನೆ ಹಾಗೂ ಎದುರು ದಿಕ್ಕಿನ ಸಂಚಾರಗಳನ್ನು 2019ರ ತಿದ್ದುಪಡಿಯು ಈ ವ್ಯಾಪ್ತಿಗೆ ಸ್ಪಷ್ಟವಾಗಿ ಸೇರಿಸಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 106(1)ರಲ್ಲಿ ನಿರ್ಲಕ್ಷ್ಯದಿಂದ ಉಂಟಾದ ಮರಣಕ್ಕೆ ಐದು ವರ್ಷಗಳವರೆಗೆ ಶಿಕ್ಷೆಯುಂಟು. ಹಳೆಯ ದಂಡ ಸಂಹಿತೆಯಲ್ಲಿ ಈ ಮಿತಿ ಎರಡು ವರ್ಷವಾಗಿತ್ತು. ಈ ಅಪರಾಧವು ಜಾಮೀನು ನೀಡಬಹುದಾದುದು. ಆದರೆ ಪಾನಮತ್ತ ಚಾಲನೆಯಂತಹ ಸಂದರ್ಭಗಳಲ್ಲಿ, ಸಾವು ಸಂಭವಿಸಬಹುದೆಂಬ ಅರಿವು ಚಾಲಕನಿಗಿತ್ತೆಂದು ಕಂಡುಬಂದರೆ, ಜಾಮೀನುರಹಿತವಾದ ಕಲಂ 105 ಅನ್ವಯವಾಗಬಹುದು.

ಮೊದಲ ಇಪ್ಪತ್ತನಾಲ್ಕು ಗಂಟೆ

ಗಾಯಾಳುವಿಗೆ ವೈದ್ಯಕೀಯ ನೆರವು ಒದಗಿಸುವುದು ಚಾಲಕನ ಪ್ರಥಮ ಕರ್ತವ್ಯ. ಗುಂಪಿನ ಆಕ್ರೋಶದಿಂದ ಅದು ಸಾಧ್ಯವಾಗದಿದ್ದಲ್ಲಿ ಸಮೀಪದ ಠಾಣೆಗೆ ಸಾಧ್ಯವಾದಷ್ಟು ಬೇಗ, 24 ಗಂಟೆಗಳೊಳಗಾದರೂ ವರದಿ ಮಾಡತಕ್ಕದ್ದು. ವಿಮಾ ಸಂಸ್ಥೆಗೂ ಲಿಖಿತ ಮಾಹಿತಿ ನೀಡಬೇಕು. ಚಾಲಕನ ಹೆಸರು ಮತ್ತು ಪರವಾನಗಿಯ ವಿವರವನ್ನು ಪೊಲೀಸರಿಗೆ ಒದಗಿಸುವುದು ಕಲಂ 133ರಂತೆ ಮಾಲೀಕರ ಹೊಣೆ. ಪರವಾನಗಿಯಿಲ್ಲದ ಚಾಲಕನನ್ನು ಮರೆಮಾಚಿ ಬೇರೊಬ್ಬನನ್ನು ಮುಂದೊಡ್ಡುವುದು ಸ್ವತಃ ಅಪರಾಧವಾಗುವುದಲ್ಲದೆ ಇಡೀ ಪ್ರಕರಣವನ್ನೇ ಹದಗೆಡಿಸುತ್ತದೆ.

ಆರೋಪವೇ ಪುರಾವೆಯಲ್ಲ

ಕರ್ನಾಟಕ ರಾಜ್ಯ ವಿರುದ್ಧ ಸತೀಶ್ ಪ್ರಕರಣದಲ್ಲಿ, ಲಾರಿ ಹೆಚ್ಚು ವೇಗದಲ್ಲಿತ್ತೆಂಬ ಕಾರಣ ಮಾತ್ರಕ್ಕೆ ದುಡುಕು ಅಥವಾ ನಿರ್ಲಕ್ಷ್ಯ ಸಾಬೀತಾಗದೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿದೆ. 1982ರ ಆ ಅಪಘಾತದಲ್ಲಿ 15 ಮಂದಿ ಮೃತಪಟ್ಟಿದ್ದರೂ ಆರೋಪಿಯ ಖುಲಾಸೆ ಸ್ಥಿರಗೊಂಡಿತು. ರಸ್ತೆಯ ಸ್ಥಿತಿ, ತಿರುವು, ಬೆಳಕು, ಬ್ರೇಕಿನ ಗುರುತು ಇವೆಲ್ಲವೂ ವಿಚಾರಾರ್ಹ. ಆದ್ದರಿಂದ ಸ್ಥಳ ಮಹಜರು, ನಕ್ಷೆ ಹಾಗೂ ವಾಹನ ತಪಾಸಣಾ ವರದಿಗಳನ್ನು ವಕೀಲರೊಡನೆ ಪರಿಶೀಲಿಸಬೇಕು. ಆರೋಪಿಯು ನ್ಯಾಯಾಲಯಕ್ಕೆ ಹಾಜರಾದ 14 ದಿನಗಳೊಳಗೆ ದೋಷಾರೋಪಣಾ ಪಟ್ಟಿ ಹಾಗೂ ಸಂಬಂಧಿತ ದಾಖಲೆಗಳ ಪ್ರತಿಗಳನ್ನು ಉಚಿತವಾಗಿ ಪಡೆಯಲು ಹಕ್ಕುಳ್ಳವನಾಗಿದ್ದಾನೆ.

ಅಲೆದಾಟ ತಪ್ಪಲೆಂದು ಸಣ್ಣಪುಟ್ಟ ಪ್ರಕರಣಗಳಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟುವ ರೂಢಿಯೂ ಅಪಾಯಕರ. ಆ ಒಪ್ಪಿಗೆಯನ್ನು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ನಿರ್ಲಕ್ಷ್ಯಕ್ಕೆ ಸಾಕ್ಷ್ಯವಾಗಿ ಮುಂದಿಡಬಹುದು. ತಪ್ಪು ನಿಜವಾಗಿಯೂ ನಡೆದಿದ್ದಲ್ಲಿ ವಕೀಲರ ಸಲಹೆಯಂತೆ ಅದನ್ನು ಒಪ್ಪಿಕೊಳ್ಳುವುದು ಬೇರೆ ಮಾತು.

ಮಾಲೀಕರ ಮುನ್ನೆಚ್ಚರಿಕೆ

ಚಾಲಕನ ಪರವಾನಗಿ ಸಿಂಧುವಲ್ಲದಿದ್ದರೆ ಪರಿಹಾರದ ಹೊರೆ ಅಂತಿಮವಾಗಿ ಮಾಲೀಕರ ಮೇಲೆ ಬೀಳುವ ಸಂಭವವಿದೆ. ಆದರೆ 2004ರ ಸ್ವರಣ್ ಸಿಂಗ್ ತೀರ್ಪಿನ ಪ್ರಕಾರ, ಮಾಲೀಕರು ಸೂಕ್ತ ಎಚ್ಚರಿಕೆ ವಹಿಸಲಿಲ್ಲವೆಂಬುದನ್ನು ವಿಮಾ ಸಂಸ್ಥೆಯೇ ಸಾಬೀತುಪಡಿಸಬೇಕು. ಲಘು ವಾಹನ ಪರವಾನಗಿಯುಳ್ಳವರು 7,500 ಕಿಲೋಗ್ರಾಂ ಮೀರದ ಸರಕು ವಾಹನವನ್ನು ಚಲಾಯಿಸಬಹುದೆಂದು ಸಂವಿಧಾನ ಪೀಠವು 2024ರ ನವೆಂಬರಿನಲ್ಲಿ ಸ್ಪಷ್ಟಪಡಿಸಿರುವುದು ಸಣ್ಣ ವರ್ತಕರಿಗೆ ಸಮಾಧಾನದ ಸಂಗತಿ.

ಪರವಾನಗಿಯ ಪ್ರತಿ, ವಿಮಾ ಪತ್ರ, ಬ್ರೇಕ್ ಮತ್ತು ಟೈರುಗಳ ದುರಸ್ತಿ ರಸೀದಿಗಳನ್ನು ಒಂದೇ ಕಡತದಲ್ಲಿ ಕಾಯ್ದಿಡುವುದಕ್ಕೆ ಹೆಚ್ಚಿನ ವೆಚ್ಚವೇನೂ ತಗಲದು. ಚಾಲಕನಿಗೆ ಸಾಕಷ್ಟು ವಿಶ್ರಾಂತಿ ನೀಡಿ, ಸಾಧ್ಯವಾಗದ ಗಡುವನ್ನು ಹೇರದಿರುವುದು ಅದಕ್ಕಿಂತ ಮುಖ್ಯವಾದ ರಕ್ಷಣೆ. ಒಂದು ಗಂಟೆ ತಡವಾಗಿ ತಲುಪಿದ ಸರಕಿನ ನಷ್ಟವನ್ನು ತುಂಬಿಕೊಳ್ಳಬಹುದು; ಹೋದ ಜೀವವನ್ನು ಯಾವ ನ್ಯಾಯಮಂಡಳಿಯೂ ತುಂಬಿಕೊಡಲಾರದು.