ರಸ್ತೆಗೆ ಕಿಟ್ಟದ ಜಲ್ಲಿ ಹಾಕುವ ಮುನ್ನ



ಹೊಲದ ದಾರಿಗೆ ಜಲ್ಲಿ ಬೇಕೆಂದಾಗಲೆಲ್ಲ ನಮ್ಮ ಕಣ್ಣು ಊರ ಗುಡ್ಡದ ಮೇಲೆ ಬೀಳುತ್ತದೆ. ಗುಡ್ಡ ಒಡೆದರೆ ದನಗಳ ಮೇವೂ ಹೋಯಿತು, ಕೆರೆಗೆ ಇಳಿದು ಬರುವ ನೀರೂ ಕೆಟ್ಟಿತು. ಕಲ್ಲಿಗೆ ಬದಲು ಉಕ್ಕಿನ ಕಾರ್ಖಾನೆಗಳ ಕಿಟ್ಟವನ್ನು ಬಳಸಬಹುದು. ಆದರೆ ಬಳಸುವ ಕ್ರಮ ತಿಳಿದಿರಬೇಕು.

ಕಿಟ್ಟವೆಂದರೇನು? ಲೋಹ ಕರಗಿಸುವಾಗ ಕುಲುಮೆಗೆ ಸುಣ್ಣವನ್ನೂ ಹಾಕುತ್ತಾರೆ. ಅದು ಕಶ್ಮಲವನ್ನು ಸೇರಿಸಿಕೊಂಡು ಮೇಲೆ ತೇಲುತ್ತದೆ. ಹೊರತೆಗೆದು ಆರಿಸಿದರೆ ಕಲ್ಲಾಗುತ್ತದೆ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಕರಗಿಸತೊಡಗಿದಂದಿನಿಂದ ನಮ್ಮ ಸೀಮೆಗೆ ಇದು ಹೊಸದಲ್ಲ. ಇಂದು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿಯೂ ಉಕ್ಕಿನೊಡನೆ ಕಿಟ್ಟ ಹೊರಬೀಳುತ್ತದೆ.

ಉಕ್ಕಿನ ಕಿಟ್ಟ ಸಾಮಾನ್ಯ ಜಲ್ಲಿಗಿಂತ ಭಾರ, ಗಟ್ಟಿಯೂ ಹೌದು. ಒರಟು ಮೂಲೆಗಳು ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. ಗುಜರಾತಿನ ಸೂರತ್ ಬಳಿಯ ಹಜೀರಾದಲ್ಲಿ ಕೇಂದ್ರ ರಸ್ತೆ ಸಂಶೋಧನಾ ಸಂಸ್ಥೆಯ ಸಲಹೆಯಂತೆ ಸುಮಾರು 1 ಲಕ್ಷ ಟನ್ ಹದಗೊಳಿಸಿದ ಕಿಟ್ಟದಿಂದ 6 ಪಥದ ರಸ್ತೆ ಮಾಡಿದರು. 2022ರಲ್ಲಿ ಅದು ಸಂಚಾರಕ್ಕೆ ತೆರೆಯಿತು. ಭಾರಿ ಲಾರಿಗಳು ಅದರ ಮೇಲೆ ಓಡಾಡುತ್ತವೆ.

ಹಾಗಾದರೆ ತೊಡಕೇನು? ಸುಟ್ಟ ಸುಣ್ಣದ ಕಲ್ಲಿಗೆ ನೀರು ಬಿದ್ದರೆ ಅದು ಉಬ್ಬಿ ಪುಡಿಯಾಗುವುದನ್ನು ನೀವೆಲ್ಲ ನೋಡಿದ್ದೀರಿ. ಹೊಸ ಕಿಟ್ಟದಲ್ಲಿ ಅಂಥ ಸುಣ್ಣ ಉಳಿದಿರುತ್ತದೆ. ಹಾಗೆಯೇ ಹರಡಿದರೆ ಮಳೆಗಾಲದಲ್ಲಿ ಅದು ನೆಲದೊಳಗೆ ಉಬ್ಬಿ, ರಸ್ತೆ ಬಿರಿಯುತ್ತದೆ. ಹಸಿ ಸಗಣಿಯನ್ನು ನಾವು ನೇರವಾಗಿ ಪೈರಿಗೆ ಹಾಕುತ್ತೇವೆಯೇ? ಗುಂಡಿಯಲ್ಲಿ ಕಳಿಯಲು ಬಿಡುತ್ತೇವೆ. ಕಿಟ್ಟಕ್ಕೂ ಅದೇ ನ್ಯಾಯ. ಒಡೆದು, ಕಬ್ಬಿಣದ ಚೂರು ಆರಿಸಿ, ಬಯಲಿನಲ್ಲಿ ರಾಶಿ ಹಾಕಿ, ತಿಂಗಳುಗಟ್ಟಲೆ ನೀರುಣಿಸಿ ಹದಗೊಳಿಸಬೇಕು.

ಆದ್ದರಿಂದ ನೆನಪಿಡಿ:

1. ಲೋಡು ಇಳಿಸುವ ಮೊದಲೇ ಕಿಟ್ಟವನ್ನು ಎಷ್ಟು ಕಾಲ ಹದಗೊಳಿಸಿದೆಯೆಂದು ಕೇಳಿ. ಉಬ್ಬುವಿಕೆ ಪರೀಕ್ಷೆಯ ವರದಿಯನ್ನು ಎಂಜಿನಿಯರರಿಂದ ಪಡೆಯಿರಿ. ಕಣ್ಣಳತೆ ಸಾಲದು.

2. ಬಾವಿ, ಕೆರೆ, ಕಾಲುವೆಗಳ ಬಳಿ ರಾಶಿ ಹಾಕಬೇಡಿ. ಅದರಿಂದ ಬಸಿಯುವ ನೀರು ಕ್ಷಾರವಾದದ್ದು. ಕುಡಿಯಲೂ ಬೆಳೆಗೂ ಒಳ್ಳೆಯದಲ್ಲ.

3. ಮಿಕ್ಕ ಕಿಟ್ಟವನ್ನು ಮನೆಯ ನೆಲಕ್ಕೆ ತುಂಬಬೇಡಿ. ಅದು ಉಬ್ಬಿದರೆ ನೆಲ, ಗೋಡೆ ಎರಡೂ ಬಿರುಕು ಬಿಡುತ್ತವೆ.

4. ರಸ್ತೆಯ ಎರಡೂ ಬದಿ ಚರಂಡಿ ತೆಗೆಯಿರಿ. ನೀರು ನಿಂತರೆ ಯಾವ ಜಲ್ಲಿಯೂ ಬಾಳದು.

ಅಗ್ಗದ ಮಾಲು ಬಂತೆಂದು ಅವಸರಪಡಬೇಡಿ. ಕಾರ್ಖಾನೆಯ ಕಸವೆಂದು ತಳ್ಳಲೂ ಬೇಡಿ. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿರಿ. ಹದವಾದ ಕಿಟ್ಟ ಸಿಕ್ಕರೆ ದಾರಿಯೂ ಗಟ್ಟಿ, ಗುಡ್ಡವೂ ಉಳಿದೀತು.